ಕಾಟಿಯ ಮೈಗಾತ್ರ ಜನರಿಗೆ ಸರಿಯಾಗಿ ತೋರಿಸಿ

ಮಾನ್ಯ ಸಂಪಾದಕರೇ,

ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರಿಗೆ ಕಾಡುಕೋಣ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಕಾಟಿ, ತಿವಿದ ಸುದ್ದಿಯನ್ನು ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಪಕ್ಕದಲ್ಲಿ ಹಾಕಿದ್ದು ಅಮೆರಿಕದ ಬೈಸನ್ ಫೋಟೊ. ತಲೆ, ಕುತ್ತಿಗೆ ತುಂಬ ಜೊಂಪೆ ಕೂದಲು, ಗದ್ದದ ಕೆಳಗೆ ಗಡ್ಡ, ಕಾಲಡಿಯಲ್ಲಿ ಹಿಮ. ಇದಕ್ಕೂ ಮುಂಚೆ ಇಂಥದೇ ಇನ್ನೊಂದು ಸುದ್ದಿಗೆ ಕೆರೆಯಲ್ಲಿ ಮಲಗಿದ್ದ ಎಮ್ಮೆಯ ಫೋಟೊ ಬಂದಿತ್ತು. ಫೋಟೊದಲ್ಲೇನಿದೆ, ಸುದ್ದಿ ಸರಿಯಿದ್ದರೆ ಸಾಕಲ್ವಾ ಅಂತ ಅನ್ನಿಸಬಹುದು. ಸಾಲದು. ಬೇರೆ ಊರಿಂದ ಬರುವವರು ಹಾಗಿರಲಿ, ಇಲ್ಲೇ ಹುಟ್ಟಿ ಬೆಳೆದವರಲ್ಲೂ ಎಷ್ಟೋ ಜನ ಈ ಪ್ರಾಣಿಯನ್ನು ಸರಿಯಾಗಿ ನೋಡಿಲ್ಲ. ಎಮ್ಮೆಗಿಂತ ಸ್ವಲ್ಪ ದೊಡ್ಡದಿರಬಹುದು ಅಂತ ತಿಳಿದು ಹತ್ತಿರ ಹೋಗುತ್ತಾರೆ. ಆದ್ದರಿಂದ ಪತ್ರ ಉದ್ದವಾದರೂ ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಪಶುಪಾಲನಾ ಇಲಾಖೆಯಲ್ಲಿ ಜಾನುವಾರು ಪರಿವೀಕ್ಷಕನಾಗಿ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯೇ ಕೆಲಸ ಮಾಡಿ ನಿವೃತ್ತನಾದವನು. ದನದ ಮೈ ಅಳೆದು ತೂಕ ಹೇಳುವುದು ನಮಗೆ ದಿನದ ಕೆಲಸ. ಔಷಧ ಎಷ್ಟು ಕೊಡಬೇಕು ಅನ್ನುವುದು ತೂಕದ ಮೇಲೆ ತಾನೇ? ಹಳ್ಳಿಯ ಕೊಟ್ಟಿಗೆಯಲ್ಲಿ ತೂಕದ ಯಂತ್ರ ಎಲ್ಲಿಂದ ಬರಬೇಕು! ಟೇಪು ಹಿಡಿದು ಎದೆಯ ಸುತ್ತಳತೆ ಮತ್ತು ಮೈಯುದ್ದವನ್ನು ಇಂಚಿನಲ್ಲಿ ತೆಗೆಯುತ್ತೇವೆ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡ್ ಲೆಕ್ಕದಲ್ಲಿ ತೂಕ ಸಿಗುತ್ತದೆ. ಹಸು, ಎತ್ತುಗಳಿಗೆ ಇದು ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತದೆ.

ಒಂದು ಮಳೆಗಾಲ ತೋಟವೊಂದರ ಹಳೇ ಬಾವಿಗೆ ಗಂಡು ಕಾಟಿ ಬಿದ್ದು ಸತ್ತಿತ್ತು. ಬಾವಿಗೆ ಕಟ್ಟೆ ಇರಲಿಲ್ಲ, ಸುತ್ತ ಗಿಡಗಂಟಿ ಮುಚ್ಚಿಕೊಂಡಿತ್ತು. ಅರಣ್ಯ ಇಲಾಖೆಯವರು ಜೆಸಿಬಿ ತರಿಸಿ ಎತ್ತಿಸಿದರು. ಪೋಸ್ಟ್‌ಮಾರ್ಟಂ ಮಾಡಲು ಬಂದ ಡಾಕ್ಟರ ಜೊತೆ ಟೇಪು ಹಿಡಿದವನು ನಾನು. ಎದೆಯ ಸುತ್ತಳತೆ 88 ಇಂಚು. ಭುಜದ ತುದಿಯಿಂದ ಹಿಂಬದಿಯ ಮೂಳೆವರೆಗೆ 70 ಇಂಚು. ಲೆಕ್ಕ ಹಾಕಿದರೆ 1,800 ಪೌಂಡ್ ಬಂತು, ಅಂದರೆ ಸುಮಾರು 820 ಕಿಲೊ. ಗೊರಸಿನಿಂದ ಭುಜದ ದಿಣ್ಣೆವರೆಗೆ 5 ಅಡಿ 10 ಇಂಚು. ನಮ್ಮ ಮಲೆನಾಡು ಗಿಡ್ಡ ಹಸು ಮೂರಡಿ ಎತ್ತರ, ಒಂದು ಕ್ವಿಂಟಾಲ್ ಆಸುಪಾಸು ತೂಕ. ಅಂಥ ಏಳೆಂಟು ಹಸುಗಳ ಭಾರ ಆ ಒಂದೇ ಮೈಯಲ್ಲಿತ್ತು.

ಅದೇನೂ ಅಪರೂಪದ ಗಾತ್ರ ಅಲ್ಲ. ಬೆಳೆದ ಗಂಡು 600ರಿಂದ 1,000 ಕಿಲೊ ತೂಗುತ್ತದೆ. ಅದಕ್ಕಿಂತ ದೊಡ್ಡವೂ ಇವೆ. ಭುಜದ ಎತ್ತರ ಆರಡಿ ಮುಟ್ಟುವ ಗಂಡುಗಳು ಬಂಡೀಪುರ, ನಾಗರಹೊಳೆಯಲ್ಲೂ ಇವೆ, ನಮ್ಮ ಮುತ್ತೋಡಿ ಕಾಡಿನಲ್ಲೂ ಇವೆ. ಮೂತಿಯಿಂದ ಬಾಲದ ಬುಡದವರೆಗೆ ಎಂಟರಿಂದ ಹತ್ತಡಿ ಉದ್ದ. ಹೆಣ್ಣು ಇದರ ಮುಕ್ಕಾಲು ಪಾಲು ಇರುತ್ತದೆ ಅಂತ ಇಟ್ಟುಕೊಳ್ಳಿ. ಕರ್ನಾಟಕದ ಕಾಡಿನಲ್ಲಿ ಆನೆಯನ್ನು ಬಿಟ್ಟರೆ ಇದಕ್ಕಿಂತ ಭಾರದ ಪ್ರಾಣಿ ಇಲ್ಲ. ಆನೆ ಕಂಡರೆ ಕಾರು ಹಿಂದಕ್ಕೆ ತೆಗೆಯುವ ಜನ ಇದನ್ನು ಕಂಡರೆ ಕಾರಿನಿಂದ ಇಳಿಯುತ್ತಾರೆ. ನನಗೆ ಸಂಕಟ ಆಗುವುದು ಇದೇ.

ಬೆನ್ನಿನ ದಿಣ್ಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಕಾರ್ ಎತ್ತಿನ ಡುಬ್ಬ ನೋಡಿದ್ದೀರಿ. ಅದು ಮಾಂಸ ಮತ್ತು ಕೊಬ್ಬು, ಎತ್ತು ನಡೆದರೆ ಆ ಕಡೆ ಈ ಕಡೆ ಅಲುಗುತ್ತದೆ. ಕಾಟಿಯದು ಹಾಗಲ್ಲ, ಅದರೊಳಗೆ ಮೂಳೆ ಇದೆ. ಆವತ್ತು ಚರ್ಮ ಬಿಡಿಸಿದಾಗ ನಾನು ಕೈಯಿಟ್ಟು ನೋಡಿದೆ. ಭುಜದ ಮೇಲಿನ ಬೆನ್ನುಮೂಳೆಯ ಪ್ರತಿ ಗಂಟಿನಿಂದಲೂ ಮೇಲಕ್ಕೆ ಒಂದು ಚಪ್ಪಟೆ ಮೂಳೆ ಎದ್ದಿರುತ್ತದೆ, ಒಂದು ಗೇಣಿಗಿಂತ ಉದ್ದ. ಅದರ ಎರಡೂ ಕಡೆ ಗಟ್ಟಿ ಮಾಂಸ. ದಿಣ್ಣೆ ಭುಜದಿಂದ ಹೊರಟು ಬೆನ್ನಿನ ನಡುವಿನವರೆಗೆ ಬಂದು, ಅಲ್ಲಿ ಥಟ್ಟನೆ ಮುಗಿದು ಕೆಳಗಿಳಿಯುತ್ತದೆ. ದೂರದಿಂದ ನೋಡಿದರೂ ಆ ಮೆಟ್ಟಿಲು ಎದ್ದು ಕಾಣುತ್ತದೆ. ಎಮ್ಮೆಗೆ ಇದು ಇಲ್ಲವೇ ಇಲ್ಲ.

ನೀವು ಫೋಟೊ ಹಾಕಿದ ಅಮೆರಿಕದ ಬೈಸನ್‌ಗೂ ಇಂಥದೇ ಮೂಳೆಯ ದಿಣ್ಣೆ ಇದೆ. ಆದರೆ ಅದರ ಎತ್ತರವೆಲ್ಲ ಮುಂಗಾಲಿನ ಮೇಲೆಯೇ, ಅಲ್ಲಿಂದ ಹಿಂದಕ್ಕೆ ಇಳಿಜಾರು. ತಲೆ ಭಾರಿ ದೊಡ್ಡದು, ನೆಲದ ಕಡೆಗೆ ಜೋತುಬಿದ್ದಿರುತ್ತದೆ. ಚಳಿಗಾಲದಲ್ಲಿ ಆ ತಲೆಯನ್ನು ಅತ್ತಿತ್ತ ಬೀಸಿ ಹಿಮ ಸರಿಸಿ ಅಡಿಯ ಹುಲ್ಲು ಮೇಯುತ್ತದೆ. ಆ ಕೆಲಸಕ್ಕೆ ಬೇಕಾದ ಮಾಂಸಖಂಡ ದಿಣ್ಣೆಯಲ್ಲಿದೆ. ಅದರ ಕೊಂಬು ಗಿಡ್ಡ. ನಮ್ಮ ಕಾಟಿಯ ಕೊಂಬು ಬಾಗಿನ ಉದ್ದಕ್ಕೂ ಅಳೆದರೆ ಎರಡು, ಮೂರು ಅಡಿ ಬರುತ್ತದೆ. ಪಕ್ಕಕ್ಕೆ ಹೊರಟು, ಮೇಲಕ್ಕೆ ಬಾಗಿ, ತುದಿಯಲ್ಲಿ ಒಳಕ್ಕೆ ತಿರುಗಿರುತ್ತದೆ. ಬಣ್ಣ ಹಳದಿ, ತುದಿ ಕಪ್ಪು. ವಯಸ್ಸಾದ ಹಾಗೆ ಬುಡದಲ್ಲಿ ಒರಟು ಉಂಗುರಗಳು ಮೂಡುತ್ತವೆ, ತುದಿ ಸವೆಯುತ್ತದೆ. ಬಾವಿಗೆ ಬಿದ್ದಿದ್ದ ಗಂಡಿನ ಒಂದು ಕೊಂಬಿನ ತುದಿ ಮುರಿದು ನುಣುಪಾಗಿತ್ತು. ಯಾವಾಗಲೋ ಇನ್ನೊಂದು ಗಂಡಿನ ಜೊತೆ ಗುದ್ದಾಡಿದ್ದಿರಬೇಕು ಅಂದರು ಡಾಕ್ಟರು.

ಎರಡು ಕೊಂಬಿನ ನಡುವೆ ಹಣೆ ಉಬ್ಬಿರುತ್ತದೆ. ಅಲ್ಲಿನ ಕೂದಲು ಬೂದಿ ಬಣ್ಣ. ಮೈಕೂದಲು ಗಿಡ್ಡ, ನಯ, ಎಣ್ಣೆ ಪಸೆ ಇದ್ದ ಹಾಗೆ ಹೊಳೆಯುತ್ತದೆ. ಉಣ್ಣೆ, ಗಡ್ಡ ಎಲ್ಲಿಂದ ಬರಬೇಕು, ನಮ್ಮ ಮಳೆಗೆ? ಮುದಿ ಗಂಡುಗಳ ಬೆನ್ನಿನ ಮೇಲಂತೂ ಕೂದಲೇ ಉದುರಿ ಬರೀ ಕಪ್ಪು ಚರ್ಮ ಕಾಣುತ್ತದೆ. ಗದ್ದದ ಕೆಳಗೆ ಒಂದು ಚಿಕ್ಕ ಗಂಗೆದೊಗಲು, ಮುಂಗಾಲುಗಳ ನಡುವೆ ಇನ್ನೊಂದು ದೊಡ್ಡದು ಜೋತಾಡುತ್ತದೆ. ಕಣ್ಣು ಕಂದು, ಬೆಳಕು ಒಂದು ಕಡೆಯಿಂದ ಬಿದ್ದರೆ ನೀಲಿ ಛಾಯೆ. ಕಾಲುಗಳ ವಿಷಯ ಎಲ್ಲರಿಗೂ ಗೊತ್ತು. ಮಂಡಿಯಿಂದ ಕೆಳಗೆ ಬಿಳಿ ಸಾಕ್ಸ್ ಹಾಕಿದ ಹಾಗೆ. ಪೂರ್ತಿ ಬಿಳಿ ಅಲ್ಲ, ಸ್ವಲ್ಪ ಹಳದಿ ಬೆರೆತ ಬಿಳಿ.

ಇಷ್ಟು ಭಾರದ ಪ್ರಾಣಿಗೆ ಗೊರಸು ಮಾತ್ರ ಚಿಕ್ಕದು. ಹಿಂಗಾಲಿನದು ಇನ್ನೂ ಚಿಕ್ಕದು. ತೋಟದ ಕೆಸರಿನಲ್ಲಿ ಹೆಜ್ಜೆ ಕಂಡವರು ಯಾರದೋ ಎತ್ತು ಬಂದಿರಬೇಕು ಅಂತ ಸುಮ್ನೆ ಆಗಿಬಿಡುತ್ತಾರೆ. ಹೆಜ್ಜೆ ನೆಲಕ್ಕೆ ಎಷ್ಟು ಆಳ ಇಳಿದಿದೆ ಅನ್ನುವುದನ್ನು ನೋಡಬೇಕು. ಪಕ್ಕದಲ್ಲಿ ನಿಮ್ಮ ಹಸುವಿನ ಹೆಜ್ಜೆ ಇದ್ದರೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ಇನ್ನೊಂದು ಮಾತು, ಭಾರ ಇದೆ ಅಂದ ಮಾತ್ರಕ್ಕೆ ನಿಧಾನ ಅಂತ ತಿಳಿಯಬೇಡಿ. ತೋಟದ ಬೇಲಿಯನ್ನು ಅದು ನಿಂತಲ್ಲಿಂದಲೇ ಹಾರಿ ದಾಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇಲಿ ನನ್ನ ಎದೆಯ ಎತ್ತರಕ್ಕಿತ್ತು.

ಇನ್ನು ರಸ್ತೆಯ ವಿಷಯ. ಚಾರ್ಮಾಡಿ ಘಾಟಿ, ಕುದುರೆಮುಖದ ರಸ್ತೆ, ಕೆಮ್ಮಣ್ಣುಗುಂಡಿ ಕಡೆಯ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತವೆ. ಮೊನ್ನೆ ಬಂದದ್ದರಲ್ಲಿ ಗಂಡು ಕಾಟಿ ರಸ್ತೆ ಬದಿಯಲ್ಲಿ ಪೂರ್ತಿ ಅಡ್ಡಲಾಗಿ ನಿಂತಿದೆ. ತಲೆ ಸ್ವಲ್ಪ ಕೆಳಗೆ, ಬೆನ್ನು ಬಿಲ್ಲಾಗಿ ಎದ್ದಿದೆ. ಹೆಜ್ಜೆ ಮೇಲೆ ಹೆಜ್ಜೆ, ಬಹಳ ನಿಧಾನ. ಇಬ್ಬರು ಹುಡುಗರು ಹತ್ತು ಮಾರು ದೂರದಲ್ಲಿ ನಿಂತು, 'ಎಷ್ಟು ಚೆನ್ನಾಗಿ ಪೋಸ್ ಕೊಡ್ತಿದೆ ನೋಡೋ' ಅನ್ನುತ್ತಿದ್ದಾರೆ. ನೋಡಿ ನನ್ನ ಕೈಕಾಲು ತಣ್ಣಗಾಯಿತು. ಅದು ಎಚ್ಚರಿಕೆ ಕೊಡುತ್ತಿತ್ತು. ಗಂಡು ಕಾಟಿಗಳು ಒಂದನ್ನೊಂದು ಎದುರಿಸುವಾಗ ಮೊದಲು ಕೊಂಬು ಹಾಕುವುದಿಲ್ಲ. ಮೈಯ ಒಂದು ಪಕ್ಕವನ್ನು ಪೂರ್ತಿ ತೋರಿಸಿ ನಿಲ್ಲುತ್ತವೆ, ಒಂದರ ಸುತ್ತ ಒಂದು ನಿಧಾನ ಸುತ್ತುತ್ತವೆ. ಯಾವುದರ ಮೈ ದೊಡ್ಡದು ಅಂತ ಅಲ್ಲೇ ತೀರ್ಮಾನವಾದರೆ ಚಿಕ್ಕದು ಜಾಗ ಬಿಟ್ಟು ಹೋಗುತ್ತದೆ. ಹೆಚ್ಚಿನ ಜಗಳ ರಕ್ತ ಬೀಳದೆ ಮುಗಿಯುವುದು ಹೀಗೆ. ಬೆನ್ನಿನ ದಿಣ್ಣೆ, ಜೋತಾಡುವ ಗಂಗೆದೊಗಲು ಎರಡೂ ಸೇರಿ ಪಕ್ಕದಿಂದ ನೋಡಿದಾಗ ಮೈಯನ್ನು ಇನ್ನೂ ಎತ್ತರವಾಗಿ, ಇನ್ನೂ ದಪ್ಪವಾಗಿ ಕಾಣಿಸುತ್ತವೆ. ಜಾಗ ಬಿಡು ಅಂತ ಅದು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳದೆ ಅಲ್ಲೇ ನಿಂತರೆ ಅದೇನು ಮಾಡಬೇಕು?

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬೈಸನ್‌ನಿಂದ ಕನಿಷ್ಠ 25 ಗಜ ದೂರ ಇರಲೇಬೇಕು ಅಂತ ನಿಯಮ ಇದೆ. ಅಲ್ಲಿ ಕರಡಿ, ತೋಳ ಎರಡೂ ಇವೆ. ಆದರೂ ಬೇರೆ ಯಾವ ಪ್ರಾಣಿಗಿಂತ ಬೈಸನ್‌ನಿಂದಲೇ ಜಾಸ್ತಿ ಜನ ಗಾಯಗೊಂಡಿದ್ದಾರೆ ಅಂತ ಉದ್ಯಾನದವರೇ ಬಂದವರಿಗೆಲ್ಲ ಹೇಳುತ್ತಾರೆ. ಕಾರಣ ಇಲ್ಲಿಯದೇ. ಹುಲ್ಲು ಮೇಯುವ ಪ್ರಾಣಿ, ಏನೂ ಮಾಡಲ್ಲ ಅನ್ನುವ ಧೈರ್ಯ.

ತೋಟದ ಕಥೆ ರಸ್ತೆಯದಕ್ಕಿಂತ ಬೇರೆ. ಕೂಲಿಗೆ ಹೋಗುವ ಹೆಂಗಸರು ಸೆಲ್ಫಿಗೆ ಹೋದವರಲ್ಲ. ಅವರಿಗೆ ಪ್ರಾಣಿ ಕಾಣುವುದೇ ಇಲ್ಲ. ಇಷ್ಟು ದೊಡ್ಡದು ಹೇಗೆ ಕಾಣದೆ ಇರುತ್ತದೆ ಅಂತ ಪೇಟೆಯವರು ಕೇಳುತ್ತಾರೆ. ಅರೇಬಿಕಾ ಕಾಫಿ ಗಿಡವನ್ನು ಐದಡಿ, ಐದೂವರೆ ಅಡಿಗೆ ಚಿವುಟಿ ನಿಲ್ಲಿಸಿರುತ್ತಾರೆ. ಕಾಟಿಯ ಬೆನ್ನೂ ಅಷ್ಟೇ ಎತ್ತರ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ ಮರದ ನೆರಳು. ಬೆಳಗಿನ ಮಂಜಿನಲ್ಲಿ ಕಪ್ಪು ಮೈಯ ಪ್ರಾಣಿ ಗಿಡಗಳ ನಡುವೆ ಅಲುಗದೆ ನಿಂತರೆ ನಾಲ್ಕು ಸಾಲು ಆಚೆ ಇದ್ದರೂ ಗೊತ್ತಾಗುವುದಿಲ್ಲ. ಗಿಡದ ಬುಡದ ಸಂದಿಯಲ್ಲಿ ಆ ಬಿಳಿ ಕಾಲು ಮೊದಲು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಸಾಲಿಗೆ ಇಳಿಯುವ ಮುಂಚೆ ಒಂದು ಸಲ ಬಗ್ಗಿ ಅಡಿಯಿಂದ ನೋಡಿ ಅಂತ ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ. ಜೋರಾಗಿ ಮಾತಾಡುತ್ತಾ ಹೋಗಿ, ಗುಂಪಾಗಿ ಹೋಗಿ. ಮನುಷ್ಯರು ಬರುವುದು ಮೊದಲೇ ಗೊತ್ತಾದರೆ ಕಾಟಿ ತಾನಾಗಿಯೇ ದೂರ ಸರಿಯುತ್ತದೆ. ಮೂಗಿನಿಂದ ಸಿಳ್ಳೆ ಹೊಡೆದ ಹಾಗೆ ಬುಸುಗುಟ್ಟುವ ಸದ್ದು ಕೇಳಿದರೆ, ನೆಲಕ್ಕೆ ಕಾಲು ಬಡಿದ ಸದ್ದು ಕೇಳಿದರೆ, ಇದ್ದಲ್ಲಿಂದ ಹಿಂದಕ್ಕೆ ಬನ್ನಿ. ತಿವಿತ ಆಗುವುದು ಸಾಮಾನ್ಯವಾಗಿ ಕಾಟಿ ಬೆಚ್ಚಿಬಿದ್ದಾಗ, ಇಲ್ಲವೇ ಅದಕ್ಕೆ ಓಡಲು ದಾರಿ ಸಿಗದಾಗ. ತೋಟಕ್ಕೆ ಸುತ್ತ ತಂತಿ ಬೇಲಿ ಹಾಕಿ ಒಂದೇ ಗೇಟು ಬಿಟ್ಟವರು ಇದನ್ನು ಯೋಚಿಸಬೇಕು.

ಕರು ಇದ್ದಾಗ ಇನ್ನೂ ಹುಷಾರಾಗಿರಬೇಕು. ಹುಟ್ಟಿದ ಕರುವಿನ ಬಣ್ಣ ತಿಳಿ ಹೊನ್ನಿನದು. ಆಮೇಲೆ ಕಂದಾಗುತ್ತದೆ. ಹೆಣ್ಣುಗಳು ದೊಡ್ಡವಾದ ಮೇಲೂ ಕಂದಾಗಿಯೇ ಇರುತ್ತವೆ, ಗಂಡುಗಳು ಬೆಳೆದಂತೆ ಕಪ್ಪಾಗುತ್ತವೆ. ಹೊನ್ನಿನ ಬಣ್ಣದ ಎಳೆ ಕರುವನ್ನು ದನದ ಕರು ಅಂತ ಎತ್ತಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ತಾಯಿ ಇಲ್ಲೇ ಎಲ್ಲೋ ಇರುತ್ತದೆ, ತಗೊಂಡು ಬಂದಲ್ಲೇ ಬಿಟ್ಟು ಬನ್ನಿ, ಇಲಾಖೆಗೆ ಫೋನ್ ಮಾಡಿ ಅಂತ ಹೇಳಿ ಕಳಿಸಬೇಕಾಯಿತು. ಹಾಗೆ ಮೋಸ ಹೋಗುವುದು ಸಹಜವೇ. ಕಾಟಿ ಮತ್ತು ನಮ್ಮ ಹಸು ಒಂದೇ ಕುಲದವು. ಎಮ್ಮೆ ಇವೆರಡಕ್ಕೂ ದೂರದ ನೆಂಟ. 2001ರ ಜನವರಿಯಲ್ಲಿ ಅಮೆರಿಕದಲ್ಲಿ ತದ್ರೂಪು ಕಾಟಿ ಕರು ಹುಟ್ಟಿದ್ದು ಸಾಧಾರಣ ಹಸುವಿನ ಹೊಟ್ಟೆಯಲ್ಲಿ. ನೋವಾ ಅಂತ ಹೆಸರಿಟ್ಟಿದ್ದರು. ಪಾಪ, ಭೇದಿಯಾಗಿ ಎರಡೇ ದಿನಕ್ಕೆ ಸತ್ತಿತು.

ಈ ನೆಂಟಸ್ತಿಕೆಯಿಂದ ಕಾಟಿಗೆ ದೊಡ್ಡ ಕಷ್ಟವೂ ಇದೆ. ಹಸುವಿಗೆ ಬರುವ ರೋಗ ಇದಕ್ಕೂ ಬರುತ್ತದೆ. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೆ ಕಡೆಯ ಕಾಟಿ ಹಿಂಡುಗಳನ್ನೇ ಅಳಿಸಿ ಹಾಕಿತ್ತು. ಲಸಿಕೆಯಿಂದ ಆ ರೋಗ 2011ರ ಹೊತ್ತಿಗೆ ಲೋಕದಿಂದಲೇ ಹೋಯಿತು. ನಮ್ಮ ಇಲಾಖೆಯ ಹಿರಿಯರು ಊರೂರು ನಡೆದು ಮಾಡಿದ ಕೆಲಸ ಅದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಕಾಲುಬಾಯಿ ಜ್ವರ ಇನ್ನೂ ಇದೆ. ಕಾಡಂಚಿನ ಊರುಗಳಲ್ಲಿ ದನಕ್ಕೆ ಲಸಿಕೆ ಹಾಕಿಸುವುದು ಅಂದರೆ ಕಾಟಿಗೂ ಹಾಕಿಸಿದಂತೆಯೇ. ಒಂದು ಟನ್ ತೂಗುವ ಪ್ರಾಣಿಯೂ ಗೊರಸಿನ ಸಂದಿಯ ಹುಣ್ಣಿಗೆ ಕುಂಟುತ್ತಾ ಬೀಳುತ್ತದೆ. ಸರದಿ ಬಂದಾಗ ದಯವಿಟ್ಟು ತಪ್ಪಿಸಬೇಡಿ.

ಕಾಟಿ ತೋಟಕ್ಕೆ ಯಾಕೆ ಬರುತ್ತದೆ ಅನ್ನುವುದು ಬೇರೆಯೇ ಪತ್ರದ ವಿಷಯ. ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲು ಕಮ್ಮಿಯಾಗಿದೆ, ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ತೋಟದಲ್ಲಿ ನೀರೂ ಇದೆ, ಹಲಸಿನ ಹಣ್ಣೂ ಇದೆ. ಬೆಳೆ ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ಉರುಳು, ಕರೆಂಟು ತಂತಿ ಇಡುವುದು ಅಪರಾಧ, ಮತ್ತು ಅದರಿಂದ ಸಾಯುವುದು ಬರೀ ಕಾಟಿ ಅಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಅರಣ್ಯ ಇಲಾಖೆಯವರು ತನಿಕೋಡು ಚೆಕ್‌ಪೋಸ್ಟ್ ಹತ್ತಿರ, ಕೊಟ್ಟಿಗೆಹಾರದಲ್ಲಿ, ಮುತ್ತೋಡಿ ಗೇಟಿನಲ್ಲಿ ಗಂಡು ಕಾಟಿಯ ನಿಜ ಗಾತ್ರದ ಚಿತ್ರವನ್ನು ತಗಡಿನಲ್ಲೋ ಮರದ ಹಲಗೆಯಲ್ಲೋ ಕತ್ತರಿಸಿ ನಿಲ್ಲಿಸಲಿ. ಪಕ್ಕ ತೋರಿಸಿ ನಿಂತ ಭಂಗಿಯಲ್ಲೇ ಇರಲಿ. ದಿಣ್ಣೆ, ಬಿಳಿ ಕಾಲು, ಕೊಂಬು ಸರಿಯಾಗಿ ಇರಲಿ. ಜನ ಅದರ ಪಕ್ಕ ನಿಂತು ಬೇಕಾದಷ್ಟು ಫೋಟೊ ತೆಗೆದುಕೊಳ್ಳಲಿ, ತಮ್ಮ ತಲೆ ಅದರ ಎಲ್ಲಿಗೆ ಬರುತ್ತದೆ ಅಂತ ನೋಡಿಕೊಳ್ಳಲಿ. 'ಕಾಟಿ ಹೀಗೆ ನಿಂತರೆ ಹಿಂದಕ್ಕೆ ಹೋಗಿ' ಅಂತ ಕೆಳಗೆ ಒಂದು ಸಾಲು ಬರೆದರೆ ಸಾಕು. ತೋಟದ ಮಾಲೀಕರು ಕೂಲಿಯವರ ಲೈನ್ ಮನೆಗಳ ಹತ್ತಿರ ಒಂದು ಚಿಕ್ಕ ಫಲಕ ಹಾಕಿಸಬಹುದು. ಹೊರಗಿನಿಂದ ಬಂದ ಕೂಲಿಯವರಲ್ಲಿ ಕನ್ನಡ ಓದಲು ಬರದವರು ತುಂಬ ಜನ ಇದ್ದಾರೆ, ಆದ್ದರಿಂದ ಚಿತ್ರವೇ ಮುಖ್ಯ. ಪಾಳು ಬಾವಿಗಳಿಗೆ ಕಟ್ಟೆ ಕಟ್ಟಿಸುವುದನ್ನೂ ಇದರ ಜೊತೆ ಮಾಡಿದರೆ ಕಾಟಿಗೂ ಒಳ್ಳೇದು, ನಮ್ಮ ದನ, ಮಕ್ಕಳಿಗೂ ಒಳ್ಳೇದು.

ನಿಮ್ಮಲ್ಲಿ ಕೇಳುವುದು ಇನ್ನೂ ಸುಲಭದ್ದು. ಮುಂದಿನ ಸಲ ಇಂಥ ಸುದ್ದಿ ಬಂದಾಗ ನಮ್ಮ ಕಾಡಿನ ಕಾಟಿಯದೇ ಫೋಟೊ ಹಾಕಿ. ಪಕ್ಕದಲ್ಲಿ ಮನುಷ್ಯನ ಎತ್ತರದ ಒಂದು ಗೆರೆ ಎಳೆದು ತೋರಿಸಿದರೆ ಇನ್ನೂ ಒಳ್ಳೇದು. ನವೆಂಬರ್ ಬಂದರೆ ಅರೇಬಿಕಾ ಹಣ್ಣು ಕೊಯ್ಲು ಶುರು. ಬೆಳಗಿನ ಮಂಜಿನಲ್ಲೇ ನೂರಾರು ಜನ ಸಾಲಿಗೆ ಇಳಿಯುತ್ತಾರೆ. ಅಷ್ಟರೊಳಗೆ ಒಂದು ಸಲವಾದರೂ ಆ ಚಿತ್ರ ನಿಮ್ಮ ಪುಟದಲ್ಲಿ ಬರಲಿ.

ಇತಿ ನಿಮ್ಮ ಓದುಗ,
ನಿವೃತ್ತ ಜಾನುವಾರು ಪರಿವೀಕ್ಷಕ, ಕೊಪ್ಪ ತಾಲ್ಲೂಕು